ರೂಢಿ ಬಿಟ್ಟ ಬಂದೂಕುಗಳು ಸೈನ್ಯದಲ್ಲಿ ಏಕೆ ನೆಲೆಯೂರಲಿಲ್ಲ?

ಪ್ರಶ್ನೆ (ವಿಜಯಪುರದ ಶಿಕ್ಷಕರು)

ಮಲಿಕ್-ಎ-ಮೈದಾನ್ ತೋಪಿನ ಬಳಿ ನಮ್ಮ ಶಾಲೆಯ ಮಕ್ಕಳ ಕಣ್ಣು ಮೊದಲು ಹೋಗುವುದು ಅದರ ಬಾಯಿಯ ಕಡೆಗೆ: ದವಡೆ ತೆರೆದ ಸಿಂಹ, ಹಲ್ಲುಗಳ ನಡುವೆ ಸಿಕ್ಕಿ ಸಾಯುತ್ತಿರುವ ಆನೆ. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ ಈ ಕಂಚಿನ ತೋಪು ನೋಟಕ್ಕೆ ಎಷ್ಟೇ ವಿಚಿತ್ರವಾದರೂ ಕೆಲಸ ಮಾಡುತ್ತಿದ್ದುದು ಉಳಿದ ತೋಪುಗಳಂತೆಯೇ. ಸಿಡಿಯುವ ಕ್ರಮದಲ್ಲೇ ರೂಢಿ ಬಿಟ್ಟ ಬಂದೂಕುಗಳ ಬಗ್ಗೆ ಬಲ್ಲವರು ತಿಳಿಸಬೇಕು. ಅವುಗಳ ಹಿಂದಿನ ಕಲ್ಪನೆಯೇ ತಪ್ಪಾಗಿತ್ತೇ, ಅಥವಾ ತಯಾರಿಕೆಯಲ್ಲಿ ತೊಡಕಿತ್ತೇ?

ಉತ್ತರ (ಬಾಗಲಕೋಟೆಯಿಂದ)

ಗುರುಗಳೇ, ನಿಮ್ಮ ಊರಿನ ನಂಟಿರುವ ಹೆಸರಿನಿಂದಲೇ ಆರಂಭಿಸುತ್ತೇನೆ. ಒಂದನೆಯ ಅಲಿ ಆದಿಲ್ ಶಾಹನ ಆಸ್ಥಾನದಲ್ಲಿದ್ದ ವಿದ್ವಾಂಸ ಫತುಲ್ಲಾ ಶಿರಾಜಿ 1583ರಲ್ಲಿ ಅಕ್ಬರನ ಬಳಿಗೆ ಹೋದ. ಒಂದೇ ಬತ್ತಿಯಿಂದ ಹದಿನೇಳು ನಳಿಕೆಗಳನ್ನು ಸಿಡಿಸುವ ಆಯುಧವನ್ನು ಅವನದೆಂದು ಹೇಳುವುದುಂಟು. ಅಕ್ಬರನ ಆಸ್ಥಾನದ ಇತಿಹಾಸಕಾರ ಅಬುಲ್ ಫಜಲ್ ಮಾತ್ರ ತನ್ನ ಬರಹದಲ್ಲಿ ಅದರ ಕೀರ್ತಿಯನ್ನು ಅಕ್ಬರನಿಗೇ ಸಲ್ಲಿಸಿದ್ದಾನೆ. ಅದಕ್ಕಿಂತಲೂ ನನಗೆ ಮುಖ್ಯವೆನಿಸುವುದು ಅದೇ ಬರಹದಲ್ಲಿ ಬರುವ ಇನ್ನೊಂದು ಸಾಧನ, ಅಂದರೆ ಹದಿನಾರು ನಳಿಕೆಗಳನ್ನು ಒಮ್ಮೆಲೇ ಶುಚಿಗೊಳಿಸಲು ದನ ಕಟ್ಟಿ ತಿರುಗಿಸುತ್ತಿದ್ದ ಚಕ್ರ. ಕರಿಮದ್ದು ಉರಿದಾಗಲೆಲ್ಲ ನಳಿಕೆಯೊಳಗೆ ಮಸಿ ಕಟ್ಟುತ್ತಿತ್ತು, ನಳಿಕೆಗಳು ಹೆಚ್ಚಾದಷ್ಟೂ ಆ ಕಾಟವೂ ಹೆಚ್ಚುತ್ತಿತ್ತು.

ಲಂಡನ್ನಿನ ಜೇಮ್ಸ್ ಪಕಲ್ ಎಂಬ ವಕೀಲ 1718ರಲ್ಲಿ ಪೇಟೆಂಟ್ ಪಡೆದದ್ದು ಮುಕ್ಕಾಲಿಯ ಮೇಲೆ ನಿಲ್ಲುವ, ಒಂದೇ ನಳಿಕೆಯ, ತಿರುಗುವ ಗುಂಡಿನ ಮನೆಗಳುಳ್ಳ ಬಂದೂಕಿಗೆ. ಕ್ರೈಸ್ತರ ಮೇಲೆ ದುಂಡನೆಯ ಗುಂಡು, ತುರ್ಕರ ಮೇಲೆ ಚೌಕದ ಗುಂಡು ಎಂದು ಅವನು ಬರೆದದ್ದು ಕ್ರೂರವೇ ಸರಿ. ಆದರೆ ಯಂತ್ರ ಸುಳ್ಳಾಗಿರಲಿಲ್ಲ; 1722ರಲ್ಲಿ ಸುರಿಯುವ ಮಳೆಯಲ್ಲಿ ಅದು 7 ನಿಮಿಷಕ್ಕೆ 63 ಗುಂಡು ಹಾರಿಸಿತು. ಪ್ರತಿ ಸಲವೂ ಹಿಂದಿನ ಹಿಡಿಕೆಯನ್ನು ಸಡಿಲಿಸಿ, ಮುಂದಿನ ಮನೆಯನ್ನು ನಳಿಕೆಗೆ ಎದುರಾಗಿಸಿ, ಮತ್ತೆ ಬಿಗಿ ಮಾಡಬೇಕಿತ್ತು. ಕಿಡಿಗೆ ಚಕಮಕಿ ಕಲ್ಲನ್ನೇ ನಂಬಬೇಕಿತ್ತು. ಹೀಗಾಗಿ ಅಲ್ಲಿ ಕೊರತೆಯಿದ್ದುದು ಕಲ್ಪನೆಯಲ್ಲಲ್ಲ, ಮದ್ದು, ಗುಂಡು, ಕಿಡಿ ಮೂರೂ ಒಂದರಲ್ಲೇ ಅಡಗಿದ ಕಾಡತೂಸು ಆಗ ಇರಲಿಲ್ಲ.

ಉತ್ತರ (ಬೆಳಗಾವಿಯಿಂದ, ನಿವೃತ್ತ ಸೈನಿಕ)

ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ಎಲ್ಲದಕ್ಕೂ ಅದು ಹೊಂದುವುದಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ಮರೆಯಲ್ಲಿ ನಿಂತೇ ಮೂಲೆಯಾಚೆ ಗುಂಡು ಹಾರಿಸಲೆಂದು 30 ಡಿಗ್ರಿ ಬಾಗಿದ ನಳಿಕೆಯನ್ನು ತಯಾರಿಸಿದರು. ಬಾಗಿದೆಡೆ ಗುಂಡು ಚೂರಾಗುತ್ತಿತ್ತು, ನಳಿಕೆ ಸುಮಾರು 300 ಗುಂಡುಗಳಿಗೇ ಸವೆದು ಹೋಗುತ್ತಿತ್ತು. ಇಲ್ಲಿ ಕಲ್ಪನೆಯೇ ಲೋಹದ ಗುಣಕ್ಕೆ ವಿರುದ್ಧವಾಗಿತ್ತು.

1960ರ ದಶಕದ ಅಮೆರಿಕದ ಗೈರೋಜೆಟ್ ಪಿಸ್ತೂಲು ನಾನು ಬಲ್ಲವುಗಳಲ್ಲೆಲ್ಲ ಅತ್ಯಂತ ಅಪರೂಪದ್ದು, ಏಕೆಂದರೆ ಅದು ಹಾರಿಸುತ್ತಿದ್ದುದು 13 ಮಿಲಿಮೀಟರ್ ದಪ್ಪದ ಪುಟ್ಟ ರಾಕೆಟ್ಟನ್ನು. ಅದರ ಸುತ್ತಿಗೆ ಗುಂಡಿನ ಮೂತಿಗೆ ಬಡಿದು ಅದನ್ನು ಹಿಂದಿನ ಸೂಜಿಗೆ ಒತ್ತುತ್ತಿತ್ತು. ಹೊತ್ತಿಕೊಂಡ ರಾಕೆಟ್ ಮುಂದೆ ಹೋಗುವಾಗ ಸುತ್ತಿಗೆಯನ್ನು ತಾನೇ ಕೆಳಗೆ ತಳ್ಳಿ ಮುಂದಿನ ಗುಂಡಿಗೆ ಸಜ್ಜುಗೊಳಿಸುತ್ತಿತ್ತು. ಅಷ್ಟು ಸರಳವಾದ ರಚನೆಯನ್ನು ಮೆಚ್ಚದಿರಲಾಗದು. ಆದರೆ ನಳಿಕೆ ಬಿಡುವಾಗ ರಾಕೆಟ್ಟಿನ ವೇಗ ಬಹಳ ಕಡಿಮೆ, ಆದ್ದರಿಂದ ಎದುರಿಗೇ ಇರುವ ಗುರಿಯ ಮೇಲೆ ಪೆಟ್ಟು ಬಲವಾಗಿರುತ್ತಿರಲಿಲ್ಲ. ದೂರದ ಗುರಿಗಾದರೋ, ಉರಿದ ಮದ್ದಿನ ಅನಿಲ ಹೊರಚಿಮ್ಮುವ ತಳದ ಓರೆ ರಂಧ್ರಗಳು ಒಂದೇ ಸಮನಿಲ್ಲದಿದ್ದರೆ ಸಾಕು, ದಿಕ್ಕು ತಪ್ಪುತ್ತಿತ್ತು. ಹತ್ತಿರದಲ್ಲೂ ದೂರದಲ್ಲೂ ನಂಬಲಾಗದ ಆಯುಧವನ್ನು ಯಾವ ಸೈನಿಕನೂ ಸೊಂಟಕ್ಕೆ ಕಟ್ಟಿಕೊಳ್ಳುವುದಿಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ವಂದನೆಗಳು. ಕಾಡತೂಸು ಬಂದ ಮೇಲೆ ಇಂಥ ಪ್ರಯೋಗಗಳು ನಿಂತವೇ?

ಉತ್ತರ (ಬಾಗಲಕೋಟೆಯಿಂದ)

ನಿಲ್ಲಲಿಲ್ಲ, ಕಾಡತೂಸಿನ ಹಿತ್ತಾಳೆ ಕವಚವನ್ನೇ ತೆಗೆದುಹಾಕುವ ಪ್ರಯತ್ನವೂ ನಡೆಯಿತು. ಪಶ್ಚಿಮ ಜರ್ಮನಿಯ ಜಿ11 ಬಂದೂಕಿನ ಗುಂಡು ಗಟ್ಟಿ ಮದ್ದಿನ ತುಂಡಿನೊಳಗೇ ಹುದುಗಿರುತ್ತಿತ್ತು. ಸಾಮಾನ್ಯ ಬಂದೂಕಿನಲ್ಲಿ ಹೊರಗೆ ಬೀಳುವ ಕವಚ ಒಂದಿಷ್ಟು ಶಾಖವನ್ನೂ ಹೊತ್ತೊಯ್ಯುತ್ತದೆ. ಅದಿಲ್ಲದ ಕಾರಣ ಕಾದ ಬಂದೂಕಿನಲ್ಲಿ ಮದ್ದು ತಾನಾಗಿಯೇ ಹೊತ್ತಿಕೊಳ್ಳತೊಡಗಿತು. ಹೆಚ್ಚು ಶಾಖ ತಾಳುವ ಮದ್ದನ್ನು ರೂಪಿಸಿ ಆ ತೊಡಕನ್ನು ಬಹುಮಟ್ಟಿಗೆ ನೀಗಿಸಿದರು. ಅಷ್ಟರಲ್ಲಿ ಶೀತಲ ಸಮರ ಮುಗಿದು, 1990ರಲ್ಲಿ ಎರಡು ಜರ್ಮನಿಗಳು ಒಂದಾದವು, ಹಣವನ್ನು ಬೇರೆ ಕೆಲಸಗಳಿಗೆ ತೊಡಗಿಸಬೇಕಾಗಿ ಬಂದು ಆ ಯೋಜನೆಯನ್ನು ಕೈಬಿಡಲಾಯಿತು.