ಕಾರ್ನಿಯಾ, ಕರಿಗುಡ್ಡೆ, ಹೂ: ಒಪ್ಪಿಗೆ ಪತ್ರಕ್ಕೆ ಯಾವ ಮಾತು?

ಬಳಗದ ಎಲ್ಲರಿಗೂ ನಮಸ್ಕಾರ.

ಕಲಬುರಗಿಯಲ್ಲಿ ನೇತ್ರಶಾಸ್ತ್ರ ಓದುತ್ತಿರುವ ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬರು ಸಣ್ಣದೊಂದು ಸಂಶೋಧನಾ ಗ್ರಾಂಟಿಗೆ ಅರ್ಜಿ ಹಾಕುತ್ತಿದ್ದಾರೆ. ದಾನವಾಗಿ ಬಂದ ಕಾರ್ನಿಯಾವನ್ನು, ಅಂದರೆ ಕಣ್ಣಿನ ಮುಂದಿನ ತಿಳಿಯಾದ ಪದರವನ್ನು, ದ್ರಾವಣದಲ್ಲಿ ಇಟ್ಟಾಗ ಅದರ ಒಳಪದರದ ಜೀವಕೋಶಗಳು ಎಷ್ಟು ದಿನಕ್ಕೆ ಎಷ್ಟು ಉಳಿಯುತ್ತವೆ ಎಂದು ಎಣಿಸುವ ಕೆಲಸ. ಸತ್ತ ಕೋಶದ ಜಾಗಕ್ಕೆ ಅಲ್ಲಿ ಹೊಸದು ಹುಟ್ಟುವುದಿಲ್ಲ, ಹಾಗಾಗಿ ಆ ಎಣಿಕೆಗೆ ಅಷ್ಟು ಬೆಲೆ. ಅರ್ಜಿ ಇಂಗ್ಲಿಷಿನಲ್ಲಿದೆ. ದಾನಿಯ ಮನೆಯವರು ಸಹಿ ಮಾಡುವ ಒಪ್ಪಿಗೆ ಪತ್ರ ಕನ್ನಡದಲ್ಲಿರಬೇಕು, ಅದನ್ನು ನನಗೆ ಒಪ್ಪಿಸಿದ್ದಾರೆ.

ಗ್ರಾಂಟಿಗೆ ‘ಅನುದಾನ’ ಎಂದು ಬರೆದೆ, ಹೊಡೆದುಹಾಕಿದೆ. ‘ನೇತ್ರದಾನ’ದ ಪಕ್ಕದಲ್ಲೇ ಅದು ಬಂದರೆ, ಕಣ್ಣು ಕೊಟ್ಟವರಿಗೆ ಹಣ ಬರುತ್ತದೆಂದು ಯಾರಾದರೂ ತಿಳಿದಾರು. ಅಂಗಾಂಗ ಮಾರಾಟವನ್ನು 1994ರ ಕಾಯ್ದೆಯೇ ನಿಷೇಧಿಸಿದೆ. ‘ಸಹಾಯಧನ’ ಎಂದರೆ ನಮ್ಮ ರೈತರಿಗೆ ತಾಡಪತ್ರಿಯ ಸಬ್ಸಿಡಿ ನೆನಪಾಗುತ್ತದೆ. ಕೊನೆಗೆ ‘ಸಂಶೋಧನೆಯ ಖರ್ಚಿಗೆ ಸಿಗುವ ಹಣ’ ಎಂದು ಬಿಡಿಸಿ ಬರೆದಿದ್ದೇನೆ.

ನಿಜವಾದ ತೊಡಕು ಕಾರ್ನಿಯಾದ್ದು. ‘ಪಾರದರ್ಶಕ ಪಟಲ’ ಪಠ್ಯಪುಸ್ತಕದ ಮಾತು, ಸಾವಿನ ಮನೆಯಲ್ಲಿ ಓದಿ ಹೇಳುವಂಥದ್ದಲ್ಲ. ‘ಕರಿಗುಡ್ಡೆ’ ಎಲ್ಲರಿಗೂ ಗೊತ್ತು, ಆದರೆ ಅರ್ಥ ತಪ್ಪುತ್ತದೆ. ಕಾರ್ನಿಯಾ ಕಪ್ಪಲ್ಲ, ಗಾಜಿನಷ್ಟು ತಿಳಿ, ನಡುವೆ ಸುಮಾರು ಅರ್ಧ ಮಿಲಿಮೀಟರ್ ದಪ್ಪ. ನಮಗೆ ಕಾಣುವ ಬಣ್ಣ ಅದರ ಹಿಂದಿನದು. ‘ಕರಿಗುಡ್ಡೆ ತೆಗೆಯುತ್ತೇವೆ’ ಎಂದರೆ ಮುಖ ಹಾಳಾಗುತ್ತದೆಂದು ಮನೆಯವರು ಹೆದರುತ್ತಾರೆ. ‘ಕಣ್ಣಿನ ಕಸಿ’ ಎಂಬ ಮಾತು ಇನ್ನೂ ಕೆಟ್ಟದ್ದು. ಬದಲಾಯಿಸುವುದು ಕಾರ್ನಿಯಾವನ್ನು ಮಾತ್ರ. ಅಕ್ಷಿಪಟಲವೋ (ಕಣ್ಣಿನ ಹಿಂಭಾಗದ ರೆಟಿನಾ) ಕಣ್ಣಿನ ನರವೋ ಹೋದವರು ಈ ಮಾತು ಕೇಳಿ ಆಸೆ ಹೊತ್ತು ಬಂದು, ಬರಿಗೈಯಲ್ಲಿ ಮರಳುತ್ತಾರೆ. ಪತ್ರಿಕೆಯವರು ಇದನ್ನು ಬಿಡಬೇಕು.

ನಮ್ಮ ಓಣಿಯ ಉರ್ದು ಮಾಸ್ತರರ ಮುಂದೆ ಇದನ್ನು ಹೇಳಿದಾಗ ಅವರು, ‘ಉರ್ದುವಿನಲ್ಲಿ ಅದು ಕರ್ನಿಯಾ’ ಎಂದರು. ನಾನು ಇಂಗ್ಲಿಷ್ ಪದವೇ ಬಾಯಲ್ಲಿ ಸವೆದದ್ದು ಅಂದುಕೊಂಡೆ. ಅಲ್ಲ. ಅರಬ್ಬಿಯಲ್ಲಿ ‘ಕರ್ನ್’ ಎಂದರೆ ಕೊಂಬು, ಲ್ಯಾಟಿನ್ನಿನ ‘ಕಾರ್ನು’ ಕೂಡ ಕೊಂಬೇ. ಎರಡೂ ಹೆಸರು ಹುಟ್ಟಿದ್ದು ಕೊಂಬಿನಿಂದ! ಅಂದಮೇಲೆ ಕಲಬುರಗಿಯ ಕಿವಿಗೆ ‘ಕಾರ್ನಿಯಾ’ ಅಷ್ಟೇನೂ ಪರಕೀಯವಲ್ಲ. ಮೊದಲ ಸಲ ‘ಕಣ್ಣಿನ ಮುಂಭಾಗದ ತಿಳಿಪರದೆ, ಅಂದರೆ ಕಾರ್ನಿಯಾ’ ಎಂದು ಬರೆದು, ಮುಂದೆ ಕಾರ್ನಿಯಾ ಎಂದೇ ಉಳಿಸೋಣ ಎನ್ನುವುದು ನನ್ನ ಮನಸ್ಸು.

ಆ ಪರದೆ ಬೆಳ್ಳಗಾದರೆ ಏನನ್ನಬೇಕು? ಕರಡನ್ನು ಓದಿಸಿ ನೋಡಲು ಜೇವರ್ಗಿ ಕಡೆಯ ಅಜ್ಜಿಯೊಬ್ಬರ ಹತ್ತಿರ ಕುಳಿತಿದ್ದೆ. ತೊಗರಿ ರಾಶಿ ಮಾಡುವಾಗ ಸಿಪ್ಪೆ ಸಿಡಿದು ಕಣ್ಣು ಹುಣ್ಣಾಗಿತ್ತಂತೆ. ‘ಕಾರ್ನಿಯಾದ ಅಪಾರದರ್ಶಕತೆ’ ಎಂದು ನಾನು ಓದುತ್ತಿದ್ದಂತೆ ಅವರು ಬಲಗಣ್ಣಿನ ರೆಪ್ಪೆಯನ್ನು ಬೆರಳಿನಿಂದ ಎತ್ತಿ ತೋರಿಸಿ, ‘ಹೂ ಬಿದ್ದಿದೆ’ ಎಂದರು. ಕಪ್ಪಿನ ಮೇಲೆ ಜೋಳದ ಕಾಳಿನಷ್ಟು ಬಿಳಿ ಕಲೆ. ನನ್ನ ಮಾತನ್ನು ಅಲ್ಲೇ ಹೊಡೆದು ‘ಹೂ’ ಎಂದು ಬರೆದುಕೊಂಡೆ.

ಬೀದರ್ ಮತ್ತು ಯಾದಗಿರಿಯವರಲ್ಲಿ ನನ್ನ ಪ್ರಶ್ನೆ ಇದು. ನಿಮ್ಮಲ್ಲಿ ‘ಹೂ ಬೀಳುವುದು’ ಎಂದರೆ ಈ ಬಿಳಿ ಕಲೆ ಮಾತ್ರವೇ, ಅಥವಾ ವಯಸ್ಸಾದವರ ಪೊರೆಗೂ ಅದೇ ಮಾತೇ? ಪೊರೆ ಕಣ್ಣೊಳಗಿನ ಮಸೂರದ್ದು, ಅದಕ್ಕೆ ದಾನಿಯ ಕಣ್ಣು ಬೇಕಿಲ್ಲ. ಎರಡಕ್ಕೂ ಒಂದೇ ಮಾತು ನಡೆಯುವ ಊರಿದ್ದರೆ ದಯವಿಟ್ಟು ಹೆಸರು ಸಮೇತ ತಿಳಿಸಿ, ಪತ್ರದಲ್ಲಿ ಇನ್ನೊಂದು ಸಾಲು ಸೇರಿಸುತ್ತೇನೆ.