‘ಪೊಟ್ಯಾಸಿಯಂ ಕೊರತೆ’ ಎನ್ನುವುದು ಸರಿಯೇ?

ಬಳಗದ ಪದಬಲ್ಲವರಲ್ಲಿ ಒಂದು ವಿಚಾರಣೆ. ರಕ್ತದಲ್ಲಿ ಪೊಟ್ಯಾಸಿಯಂ ಮಟ್ಟ ಕುಸಿದಾಗ ವೈದ್ಯರು ಅದನ್ನು ಹೈಪೋಕಲೀಮಿಯಾ ಎನ್ನುತ್ತಾರೆ. ಪತ್ರಿಕೆಗಳ ಆರೋಗ್ಯ ಪುಟಗಳಲ್ಲಿ ಇದು ‘ಪೊಟ್ಯಾಸಿಯಂ ಕೊರತೆ’ ಆಗುತ್ತದೆ. ವಾರ್ಡುಗಳಲ್ಲಿ ರೋಗಿಯ ಮನೆಯವರಿಗೆ ‘ಉಪ್ಪಿನಂಶ ಕಡಿಮೆಯಾಗಿದೆ’ ಎಂದು ಹೇಳುವುದನ್ನು ಕೇಳುತ್ತೇವೆ. ರೋಗಿಗಳಿಗಾಗಿ ಸಿದ್ಧವಾಗುತ್ತಿರುವ ಕನ್ನಡ ಕೈಪಿಡಿಯೊಂದರ ಕರಡನ್ನು ನಾನು ತಿದ್ದುತ್ತಿದ್ದೇನೆ. ಅದರಲ್ಲಿ ಈ ಎರಡೂ ಮಾತುಗಳಿವೆ. ಎರಡನ್ನೂ ಉಳಿಸಿಕೊಳ್ಳಲು ನನಗೆ ಮನಸ್ಸು ಒಪ್ಪುತ್ತಿಲ್ಲ.

‘ಉಪ್ಪಿನಂಶ’ದ ವಿಷಯದಲ್ಲಿ ನನಗೆ ಅನುಮಾನವೇ ಇಲ್ಲ, ಅದು ಹೋಗಬೇಕು. ರಸಾಯನಶಾಸ್ತ್ರದ ಪಾಠದಲ್ಲಿ ಲವಣವೆಂದರೆ ಒಂದು ದೊಡ್ಡ ಕುಲ. ಮನೆಯಲ್ಲಿ ಉಪ್ಪು ಎಂದರೆ ಅಡುಗೆಯ ಉಪ್ಪು, ಅಂದರೆ ಸೋಡಿಯಂ ಕ್ಲೋರೈಡ್. ಸೋಡಿಯಂ ಇಳಿದರೂ ಪೊಟ್ಯಾಸಿಯಂ ಇಳಿದರೂ ಒಂದೇ ಮಾತು ಬಳಸಿದರೆ, ಕೇಳಿಸಿಕೊಂಡವರು ಗಂಜಿಗೆ ಇನ್ನೊಂದು ಚಿಟಿಕೆ ಉಪ್ಪು ಹಾಕುತ್ತಾರೆ, ಪಕ್ಕಕ್ಕೆ ಉಪ್ಪಿನಕಾಯಿ ಬಡಿಸುತ್ತಾರೆ. ರಕ್ತದೊತ್ತಡಕ್ಕೆಂದು ನೀರು ಹೋಗುವ (ಮೂತ್ರ ಹೆಚ್ಚಿಸುವ) ಮಾತ್ರೆ ನುಂಗುತ್ತಿರುವವರಿಗೆ ಇದು ನೇರವಾಗಿ ಕೆಡುಕು. ಮೂತ್ರಪಿಂಡದ ನಾಳಗಳ ಕೊನೆಯ ಭಾಗಕ್ಕೆ ಹೆಚ್ಚು ಸೋಡಿಯಂ ತಲುಪಿದಷ್ಟೂ ಮೂತ್ರದಲ್ಲಿ ಹೆಚ್ಚು ಪೊಟ್ಯಾಸಿಯಂ ಹೊರಟುಹೋಗುತ್ತದೆ, ಒತ್ತಡವೂ ಏರುತ್ತದೆ. ಪ್ರೀತಿಯಿಂದ ಹಾಕಿದ ಉಪ್ಪೇ ಕಾಯಿಲೆಯನ್ನು ಬೆಳೆಸುತ್ತದೆ.

‘ಕೊರತೆ’ಯ ತೊಡಕು ಇಷ್ಟು ಸುಲಭವಾಗಿ ಕಾಣುವುದಿಲ್ಲ. ಮಳೆ ಕೊರತೆ, ಅನುದಾನದ ಕೊರತೆ, ಅಯೋಡಿನ್ ಕೊರತೆ: ಎಲ್ಲ ಕಡೆಯೂ ಬರಬೇಕಾದದ್ದು ಸಾಕಷ್ಟು ಬಂದಿಲ್ಲ, ಒದಗಿಸಿದರೆ ಸರಿಹೋಗುತ್ತದೆ ಎಂಬ ಅರ್ಥ. ಅಯೋಡಿನ್ ಅಥವಾ ಕಬ್ಬಿಣಕ್ಕೆ ಆ ಪದ ಬಹುಮಟ್ಟಿಗೆ ಹೊಂದುತ್ತದೆ. ಪೊಟ್ಯಾಸಿಯಂನ ಬಾಳು ಬೇರೆ. ದೇಹದಲ್ಲಿರುವ ಪೊಟ್ಯಾಸಿಯಂನಲ್ಲಿ ಶೇಕಡಾ 98ರಷ್ಟು ಜೀವಕೋಶಗಳ ಒಳಗೇ ಇರುತ್ತದೆ. ಅಲ್ಲಿ ಲೀಟರಿಗೆ ಸುಮಾರು 140 ಮಿಲಿಮೋಲ್ ಇದ್ದರೆ ಹೊರಗಿನ ರಕ್ತದಲ್ಲಿ 3.5ರಿಂದ 5.0ರಷ್ಟು ಮಾತ್ರ. ಪ್ರಯೋಗಾಲಯ ಅಳೆಯುವುದು ಈ ಹೊರಗಿನ ಚೂರನ್ನೇ. ಕೋಶದ ಪೊರೆಯಲ್ಲಿರುವ ಒಂದು ಪಂಪು ಮೂರು ಸೋಡಿಯಂ ಅಯಾನುಗಳನ್ನು ಹೊರಹಾಕಿ ಎರಡು ಪೊಟ್ಯಾಸಿಯಂ ಅಯಾನುಗಳನ್ನು ಒಳಗೆಳೆಯುತ್ತ ಈ ಅಂತರವನ್ನು ಕಾಯ್ದುಕೊಂಡಿರುತ್ತದೆ. ಡೆನ್ಮಾರ್ಕಿನ ಯೆನ್ಸ್ ಸ್ಕೌ 1957ರಲ್ಲಿ ಇದನ್ನು ಕುರಿತು ಬರೆದರು, 1997ರಲ್ಲಿ ಇದಕ್ಕಾಗಿಯೇ ನೊಬೆಲ್ ಪಡೆದರು. ನರದಲ್ಲಿ ಸಂದೇಶ ಹರಿಯುವುದು, ಸ್ನಾಯು ಕುಗ್ಗಿ ಹಿಗ್ಗುವುದು, ಹೃದಯ ಲಯ ತಪ್ಪದೆ ಬಡಿಯುವುದು, ಎಲ್ಲವೂ ಒಳಗು ಹೊರಗುಗಳ ಈ ಅಂತರವನ್ನೇ ನೆಚ್ಚಿಕೊಂಡಿವೆ.

ಈಗ ಎರಡು ಪ್ರಸಂಗಗಳನ್ನು ನೋಡಿ. ಥೈರಾಯ್ಡ್ ಅತಿಯಾಗಿ ಕೆಲಸ ಮಾಡುವ ಕೆಲವರಲ್ಲಿ, ಅದರಲ್ಲೂ ಏಷ್ಯಾದ ಯುವಕರಲ್ಲಿ, ರಾತ್ರಿ ಹೊಟ್ಟೆ ತುಂಬ ಅನ್ನವೋ ಸಿಹಿಯೋ ಉಂಡು ಮಲಗಿದವರಿಗೆ ಬೆಳಗಿನ ಜಾವ ಕಾಲೆತ್ತಲು ಆಗುವುದಿಲ್ಲ. ಪರೀಕ್ಷಿಸಿದರೆ ರಕ್ತದ ಪೊಟ್ಯಾಸಿಯಂ ಪಾತಾಳಕ್ಕಿಳಿದಿರುತ್ತದೆ. ಆದರೆ ದೇಹದಿಂದ ಅದು ಎಲ್ಲಿಗೂ ಹೋಗಿಲ್ಲ. ರಕ್ತದಿಂದ ಕೋಶಗಳೊಳಕ್ಕೆ ಸರಿದಿದೆ, ಅಷ್ಟೇ. ಕೊರತೆಯೆಂದು ಬಗೆದು ವಿಪರೀತ ತುಂಬಿದರೆ, ಒಳಗೆ ಹೋದದ್ದು ಮರಳಿ ಬಂದಾಗ ಮಟ್ಟ ಅಪಾಯದಷ್ಟು ಮೇಲೇರುತ್ತದೆ. ಎರಡನೆಯದು ಇದಕ್ಕೆ ತದ್ವಿರುದ್ಧ. ಮಧುಮೇಹ ಕೈಮೀರಿ ಕೀಟೋಅಸಿಡೋಸಿಸ್ (ರಕ್ತದಲ್ಲಿ ಆಮ್ಲ ಹೆಚ್ಚುವ ಸ್ಥಿತಿ) ಆದವರ ದೇಹ ಸಾಕಷ್ಟು ಪೊಟ್ಯಾಸಿಯಂ ಕಳೆದುಕೊಂಡಿರುತ್ತದೆ. ಆದರೂ ಮೊದಲ ವರದಿಯಲ್ಲಿ ಅಂಕಿ ಸರಿಯಾಗಿಯೇ, ಕೆಲವೊಮ್ಮೆ ಹೆಚ್ಚಾಗಿಯೇ ಕಾಣುತ್ತದೆ. ಇನ್ಸುಲಿನ್ ಕೊಟ್ಟ ಮೇಲೆ ಅದು ಇಳಿಯತೊಡಗುತ್ತದೆ. ಒಂದು ಕಡೆ ಕೊರತೆಯಿಲ್ಲದ ಇಳಿಕೆ, ಇನ್ನೊಂದು ಕಡೆ ಇಳಿಕೆ ಕಾಣದ ಕೊರತೆ. ಇವೆರಡಕ್ಕೂ ಒಂದೇ ಪದ ಹಚ್ಚುವುದು ಹೇಗೆ?

ದೇಹ ನಿಜವಾಗಿ ಕಳೆದುಕೊಂಡಾಗಲೂ ಊಟವನ್ನು ದೂರುವಂತಿಲ್ಲ. ಆರೋಗ್ಯವಂತ ಮೂತ್ರಪಿಂಡ ಪೊಟ್ಯಾಸಿಯಂ ಅನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ತಿನ್ನುವುದು ಕಡಿಮೆಯಾದ ಮಾತ್ರಕ್ಕೆ ಮಟ್ಟ ಕುಸಿಯುವುದು ಅಪರೂಪ. ಬಿಡದ ವಾಂತಿ, ಭೇದಿ, ನೀರು ಹೋಗುವ ಮಾತ್ರೆ, ಅಲ್ಡೋಸ್ಟಿರಾನ್ ಹಾರ್ಮೋನು ಅತಿಯಾಗುವುದು, ಮೂತ್ರಪಿಂಡದ ನಾಳಗಳ ದೋಷ: ಕಾರಣ ಸಾಮಾನ್ಯವಾಗಿ ಇವುಗಳಲ್ಲೊಂದು. ಮೆಗ್ನೀಸಿಯಂ ಕೂಡ ತಗ್ಗಿದ್ದರೆ ಪೊಟ್ಯಾಸಿಯಂ ಎಷ್ಟು ಕೊಟ್ಟರೂ ನಿಲ್ಲುವುದಿಲ್ಲ. ನಮ್ಮ ಮನೆಮದ್ದಿನ ಡಬ್ಬಿಯಲ್ಲಿರುವ ಜ್ಯೇಷ್ಠಮಧುವನ್ನೂ ಹೆಸರಿಸಬೇಕು. ಗಂಟಲಿಗೆ ಒಳ್ಳೆಯದೆಂದು ಅದನ್ನು ದಿನವೂ ಬಹುಕಾಲ ಸೇವಿಸಿದರೆ ಅದರ ಗ್ಲಿಸಿರೈಜಿನ್ ಅಂಶವು ರಕ್ತದೊತ್ತಡವನ್ನು ಏರಿಸಿ ಪೊಟ್ಯಾಸಿಯಂ ಅನ್ನು ಇಳಿಸುತ್ತದೆ.

ಆದರೆ ‘ಕೊರತೆ’ ಎಂದು ಶೀರ್ಷಿಕೆ ಕೊಟ್ಟ ಕೂಡಲೇ ಲೇಖನ ಬಾಳೆಹಣ್ಣು, ಎಳನೀರಿನ ಕಡೆಗೆ ತಾನಾಗಿ ಹೊರಳಿಬಿಡುತ್ತದೆ. ಮಧ್ಯಮ ಗಾತ್ರದ ಒಂದು ಬಾಳೆಹಣ್ಣಿನಲ್ಲಿರುವುದು ಸುಮಾರು 10 ಮಿಲಿಮೋಲ್. ನಷ್ಟದಿಂದಾಗಿ ರಕ್ತದ ಮಟ್ಟ 4ರಿಂದ 3ಕ್ಕೆ ಇಳಿದಿದೆಯೆಂದರೆ ದೇಹ ಕಳೆದುಕೊಂಡದ್ದು 200ರಿಂದ 400 ಮಿಲಿಮೋಲ್ ಎಂದು ವೈದ್ಯರು ಅಂದಾಜು ಮಾಡುತ್ತಾರೆ. ಅತ್ತ ಮೂತ್ರಪಿಂಡ ಸೋತವರು ತಮ್ಮ ನಿಶ್ಶಕ್ತಿಗೆ ಈ ಕೊರತೆಯೇ ಕಾರಣವೆಂದುಕೊಂಡು ದಿನಕ್ಕೆರಡು ಎಳನೀರು ಕುಡಿದರೆ ಮಟ್ಟ ಏರಿ ಪ್ರಾಣಕ್ಕೇ ಸಂಚಕಾರ. ಒಂದು ಪದದ ಆಯ್ಕೆಗೆ ಇಷ್ಟೊಂದು ಏಕೆ ತಲೆಕೆಡಿಸಿಕೊಳ್ಳುತ್ತೇನೆ ಎಂದು ಕೇಳುವವರಿಗೆ ನನ್ನ ಉತ್ತರ ಇದೇ.

ಮೂಲ ಪದವನ್ನು ಬಿಡಿಸಿ ನೋಡಿದರೆ ದಾರಿ ಕಾಣುತ್ತದೆ. ಹೈಪೋ ಎಂದರೆ ಕೆಳಗೆ. ಕಲಿ ಎಂಬುದು ಕಲಿಯಂ, ಪೊಟ್ಯಾಸಿಯಂನ ಲ್ಯಾಟಿನ್ ಹೆಸರು. ಎಮಿಯಾ ಎಂದರೆ ರಕ್ತದಲ್ಲಿ. ರಕ್ತ ಎಂಬ ಮಾತು ಪದದೊಳಗೇ ಇದೆ, ನಾವು ಕನ್ನಡಕ್ಕೆ ತರುವಾಗ ಅದನ್ನೇ ಕೈಬಿಟ್ಟೆವು. ಕಲಿಯಂ ಬಂದದ್ದು ಗಿಡಗಳ ಬೂದಿಯನ್ನು ಹೇಳುವ ಅರಬ್ಬಿ ಮಾತಿನಿಂದ. 1807ರಲ್ಲಿ ಹಂಫ್ರಿ ಡೇವಿ ಈ ಲೋಹವನ್ನು ಬೇರ್ಪಡಿಸಿ ಪೊಟ್ಯಾಷ್ ಎಂಬ ಬೂದಿಸಾರದ ಹೆಸರನ್ನೇ ಅದಕ್ಕಿಟ್ಟ. ನಮ್ಮಲ್ಲೂ ಬಾರ್ಲಿ ಗಿಡದ ಬೂದಿಯಿಂದ ತೆಗೆದ ಯವಕ್ಷಾರವಿದೆ. ಹಾಗೆಂದು ‘ಕ್ಷಾರ’ವನ್ನು ಹಿಡಿದು ಹೊಸ ಪದ ಕಟ್ಟುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಪೊಟ್ಯಾಷ್ ಚೀಲವನ್ನು ಸೊಸೈಟಿಯಿಂದ ತರುವ ರೈತನಿಗೆ ಪೊಟ್ಯಾಸಿಯಂ ಅಪರಿಚಿತವಲ್ಲ. ಆ ಚೀಲದಲ್ಲಿ ಹೆಚ್ಚಾಗಿ ಇರುವುದೂ ಆಸ್ಪತ್ರೆಯ ಸಿರಪ್ಪಿನಲ್ಲಿರುವುದೂ ಪೊಟ್ಯಾಸಿಯಂ ಕ್ಲೋರೈಡೇ.

ನನ್ನ ಸೂಚನೆ: ‘ರಕ್ತದ ಪೊಟ್ಯಾಸಿಯಂ ಇಳಿಕೆ’, ಅದರ ಎದುರು ಸ್ಥಿತಿಗೆ ‘ರಕ್ತದ ಪೊಟ್ಯಾಸಿಯಂ ಏರಿಕೆ’. ಬಿ.ಪಿ. ಏರಿತು, ಶುಗರ್ ಇಳಿಯಿತು ಎಂದು ಜನ ಈಗಾಗಲೇ ಸಲೀಸಾಗಿ ಹೇಳುತ್ತಾರೆ. ಹೈಪೋಕಲೀಮಿಯಾ, ಹೈಪರ್‌ಕಲೀಮಿಯಾ, ಹೈಪೋಕ್ಯಾಲ್ಸೀಮಿಯಾ (ರಕ್ತದ ಕ್ಯಾಲ್ಸಿಯಂ ಇಳಿಕೆ) ಎಂಬ ಮೂರು ಪದಗಳು ಫೋನಿನಲ್ಲಿ ಕೇಳಿದಾಗ ಒಂದರೊಳಗೊಂದು ಕಲಸಿಹೋಗುತ್ತವೆ. ಏರಿಕೆ, ಇಳಿಕೆಗಳಲ್ಲಿ ಆ ಗೊಂದಲಕ್ಕೆ ಎಡೆಯಿಲ್ಲ. ‘ಕೊರತೆ’ಯನ್ನು ದೇಹದ ಒಟ್ಟು ದಾಸ್ತಾನು ಕುಗ್ಗಿದ ಸಂದರ್ಭಕ್ಕೆ ಮೀಸಲಿಡಬಹುದು.

ಲಕ್ಷಣಗಳ ಪದಗಳಲ್ಲಿ ಇನ್ನೂ ಹೆಚ್ಚಿನ ನೆರವು ಬೇಕು. ಕರಡಿನಲ್ಲಿ ‘ಸ್ನಾಯು ದೌರ್ಬಲ್ಯ’ ಎಂದಿದೆ. ರೋಗಿ ಹೇಳುವುದು ಸುಸ್ತು. ಸುಸ್ತೆಂದರೆ ದಣಿವೂ ಆಗಬಹುದು, ಬೇಸರವೂ ಆಗಬಹುದು. ವೈದ್ಯರಿಗೆ ಬೇಕಾದದ್ದು ಕುಕ್ಕರಗಾಲಿನಿಂದ ಏಳಲಾಗದ, ಮೆಟ್ಟಿಲಿಗೆ ಕಾಲೆತ್ತಲಾಗದ ಬಲಹೀನತೆ. ಮೀನಖಂಡ ಹಿಡಿದುಕೊಂಡಾಗ ಜನ ‘ನರ ಹಿಡಿದಿದೆ’ ಎನ್ನುತ್ತಾರೆ, ಹಿಡಿದಿರುವುದು ಸ್ನಾಯು. ಕಾಲುಗಳೆರಡೂ ಬಿದ್ದುಹೋದರೆ ‘ಲಕ್ವ ಹೊಡೆದಿದೆ’ ಎನ್ನುತ್ತಾರೆ, ಕರಡಿನಲ್ಲಿ ಅದು ‘ಪಾರ್ಶ್ವವಾಯು’ ಎಂದಾಗಿದೆ. ಪಾರ್ಶ್ವ ಎಂದರೆ ಒಂದು ಮಗ್ಗುಲು, ಮೆದುಳಿನ ಆಘಾತಕ್ಕೆ ಅದು ಸರಿಯಾದ ಮಾತು. ಪೊಟ್ಯಾಸಿಯಂ ಇಳಿದಾಗ ಸೋಲುವುದು ಎರಡೂ ಕಡೆ, ಸಾಮಾನ್ಯವಾಗಿ ಮೊದಲು ಕಾಲುಗಳು, ಆಮೇಲೆ ಕೈಗಳು. ಸಕಾಲಕ್ಕೆ ಚಿಕಿತ್ಸೆ ಸಿಕ್ಕರೆ ಹೆಚ್ಚಿನವರು ಮತ್ತೆ ಎದ್ದು ನಡೆಯುತ್ತಾರೆ ಎಂಬುದನ್ನೂ ಆ ಪದ ಮರೆಮಾಡುತ್ತದೆ. ಇನ್ನು ಮಲಬದ್ಧತೆ, ಹೊಟ್ಟೆಯುಬ್ಬರ, ಎದೆ ಹಾರುವುದು ಇವುಗಳಿಗೆ ಪದದ ತೊಂದರೆಯಿಲ್ಲ. ಮಟ್ಟ 2.5ಕ್ಕಿಂತ ಕೆಳಗೆ ಹೋದರೆ ಉಸಿರಾಟದ ಸ್ನಾಯುಗಳೂ ಸೋಲಬಹುದು, ಹೃದಯದ ಲಯ ಕೆಡಬಹುದು. ಆಗ ತಡಮಾಡದೆ ಆಸ್ಪತ್ರೆಗೆ ಹೋಗಬೇಕು ಎಂದು ದಪ್ಪಕ್ಷರದಲ್ಲಿ ಸೇರಿಸಿದ್ದೇನೆ.

ಹಾಗಾಗಿ ಬಳಗದವರಲ್ಲಿ ನನ್ನ ಕೋರಿಕೆ. ‘ಇಳಿಕೆ’, ‘ಇಳಿತ’, ‘ಕುಸಿತ’ ಈ ಮೂರರಲ್ಲಿ ಯಾವುದು ನಿಮ್ಮ ಕಿವಿಗೆ ಹಿತ? ‘ಕುಸಿತ’ವನ್ನು 2.5ರ ಕೆಳಗಿನ ತೀವ್ರ ಸ್ಥಿತಿಗೆಂದೇ ಉಳಿಸಿಕೊಂಡರೆ ಹೇಗೆ? ಎರಡೂ ಕಾಲುಗಳು ಒಮ್ಮೆಲೇ ಬಲ ಕಳೆದುಕೊಳ್ಳುವುದಕ್ಕೆ ನಿಮ್ಮ ಕಡೆ ಏನೆನ್ನುತ್ತಾರೆ? ಬೀದರ, ಕಲಬುರಗಿ, ಕರಾವಳಿ, ಮಲೆನಾಡು, ಹೊರನಾಡು ಎಲ್ಲಿಯ ಮಾತಾದರೂ ಬೇಕು. ವಾರ್ಡುಗಳಲ್ಲಿ ದುಡಿಯುವ ದಾದಿಯರು ಯಾರಾದರೂ ಇದನ್ನು ಓದುತ್ತಿದ್ದರೆ, ರೋಗಿಗಳ ಬಾಯಲ್ಲಿ ಬರುವ ಮಾತನ್ನು ಹಾಗೆಯೇ ಬರೆದು ಕಳುಹಿಸಿ. ಕರಡು ಇನ್ನೂ ಅಚ್ಚಿಗೆ ಹೋಗಿಲ್ಲ.