ಹೋಯ್ ಆನ್‌ಗೆ ಆರು ಗಂಟೆ ಸಾಕಾ?

ಗುಂಪು: ಮನೆ ಮಂದಿ

ಅಣ್ಣ: (ಪಿಡಿಎಫ್) ವಿಯೆಟ್ನಾಂ, 6 ರಾತ್ರಿ 7 ಹಗಲು. ಹನೋಯ್, ಹಾ ಲಾಂಗ್, ಡಾ ನಾಂಗ್, ಹೋಯ್ ಆನ್, ಸೈಗಾನ್. ಮಾರ್ಚ್‌ನಲ್ಲಿ ನಾವಿಬ್ಬರೂ ಹೋಗೋಣ ಅಂತ. ನೋಡಿ ಹೇಳಿ.

ನಾನು: ಅಣ್ಣ, ಹೋಯ್ ಆನ್‌ಗೆ ಮಧ್ಯಾಹ್ನ 3ರಿಂದ ರಾತ್ರಿ 9 ಅಂತಿದೆ. ಅಷ್ಟೇನಾ? ದಯವಿಟ್ಟು ಈಗಲೇ ದುಡ್ಡು ಕಟ್ಟಬೇಡ.

ಅಣ್ಣ: ಚಿಕ್ಕ ಊರು ಕಣೇ. ಜಪಾನಿ ಸೇತುವೆ, ಲಾಟೀನು, ದೋಣಿ. ಆರು ಗಂಟೆಯೇ ಜಾಸ್ತಿ. ನೀವು ಅಲ್ಲೇ ಆರು ದಿನ ಕೂತು ಹನೋಯ್ ಕೂಡ ನೋಡದೆ ಬಂದಿರಿ.

ನಾನು: ಹೌದು, ನೋಡಲಿಲ್ಲ. ಅದಕ್ಕೆ ಬೇಜಾರೂ ಇಲ್ಲ. ಸಂಜೆ ಆ ಸೇತುವೆ ಹತ್ತಿರ ಕಾಲಿಡೋಕೆ ಜಾಗ ಇರುವುದಿಲ್ಲ. ನಾವು ಬೆಳಿಗ್ಗೆ ಆರಕ್ಕೆ ಹೋದೆವು. ಹಳದಿ ಗೋಡೆಗಳು, ಬಾಗಿಲು ಗುಡಿಸುವ ಹೆಂಗಸರು, ಅಷ್ಟೇ. ಒಂದು ಹಳೇ ಮನೆಯ ಗೋಡೆಯ ಮೇಲೆ ನೆರೆ ನೀರು ಎಲ್ಲಿಯವರೆಗೆ ಬಂತು ಅಂತ ಗೆರೆ ಎಳೆದು ಇಸವಿ ಬರೆದಿದ್ದಾರೆ. ಒಂದು ಗೆರೆ ಇವರ ತಲೆಗಿಂತ ಮೇಲಿತ್ತು. ಇನ್ನೊಂದು ಮನೆಯಲ್ಲಿ ಅಟ್ಟಕ್ಕೆ ಕಿಂಡಿ ಇದೆ. ಥು ಬೋನ್ ನದಿ ಉಕ್ಕಿದರೆ ಸಾಮಾನೆಲ್ಲ ಅಲ್ಲಿಂದ ಮೇಲಕ್ಕೆ.

ಪುಟ್ಟ: ಅತ್ತೆ, ಅಪ್ಪ ಹೇಳುವುದೂ ಸರಿ ಅಲ್ವಾ? ಇವರು ಹೋಗುವುದು ಒಂದೇ ಸಲ. ಟಿಕೆಟ್‌ಗೆ ಅಷ್ಟು ಕೊಟ್ಟು ನಾಲ್ಕು ಊರಾದರೂ ನೋಡಬೇಡವೇ?

ನಾನು: ಒಂದೇ ಸಲ ಅಂತಲೇ ಹೇಳ್ತಿದ್ದೀನಿ ಪುಟ್ಟ. ಆ ಏಳು ದಿನದಲ್ಲಿ ಬಸ್ಸು, ವಿಮಾನ ನಿಲ್ದಾಣ ಎಷ್ಟು ಹೊತ್ತು, ಕೂಡಿಸಿ ನೋಡು. ನಿನ್ನ ಅಮ್ಮನ ಮಂಡಿ ನೋವೂ ನೆನಪಿರಲಿ.

ನಾನು: ಊರು ಚಿಕ್ಕದೇ. ಆದರೆ ಆ ಊರನ್ನು ಮಾಡಿದ್ದು ಸುತ್ತಲಿನ ಹಳ್ಳಿಗಳು. ಮನೆಗಳ ಮರಗೆಲಸ ಹೊಳೆಯಾಚೆಯ ಕಿಮ್ ಬೋಂಗ್ ಬಡಗಿಗಳದ್ದು. ಮಡಕೆ ತಾನ್ ಹಾ ಹಳ್ಳಿಯದ್ದು. ಅಲ್ಲಿ ಒಬ್ಬಾಕೆ ಕಾಲಿನಿಂದ ಚಕ್ರ ತಿರುಗಿಸಿದರೆ ಇನ್ನೊಬ್ಬಾಕೆ ಮಣ್ಣು ಎತ್ತುತ್ತಾರೆ. ಸೊಪ್ಪು ಟ್ರಾ ಕ್ವೆಯಿಂದ, ಸೈಕಲ್‌ನಲ್ಲಿ ಹೋಗುವಷ್ಟೇ ದೂರ. ನಾವು ಅಲ್ಲಿಗೆ ಮೂರು ಸಲ ಹೋದೆವು. ಹೊಳೆಯ ಪಾಚಿ ತಂದು ಮಡಿಯ ಮಣ್ಣಿನಡಿ ಹೂಳುತ್ತಾರೆ, ಅದೇ ಗೊಬ್ಬರ. ಒಬ್ಬ ಅಜ್ಜಿ ಹೆಗಲ ಮೇಲೆ ಅಡ್ಡೆ, ಎರಡು ಕಡೆ ನೀರಿನ ಡಬ್ಬ. ನಡೆಯುತ್ತಲೇ ಎರಡನ್ನೂ ಬಗ್ಗಿಸಿ ಎರಡು ಮಡಿಗೆ ಒಟ್ಟಿಗೆ ನೀರು ಹಾಕಿದರು. ಮೂರನೇ ದಿನ ಇವರ ಹೆಗಲಿಗೂ ಕೊಟ್ಟರು. ಮೊದಲ ದಿನ ಅವರು ನಮ್ಮನ್ನು ತಿರುಗಿಯೂ ನೋಡಿರಲಿಲ್ಲ.

ಅತ್ತಿಗೆ: ನನ್ನ ಊಟದ ಕಥೆ ಏನು? ಎಲ್ಲದಕ್ಕೂ ಮೀನಿನ ಸಾರು ಹಾಕುತ್ತಾರಂತೆ.

ನಾನು: ಅತ್ತಿಗೆ, ‘ಚಾಯ್’ ಅಂತ ಕೇಳಿ. ಅವರ ಭಾಷೆಯಲ್ಲಿ ಸಸ್ಯಾಹಾರ. ಅಮಾವಾಸ್ಯೆ, ಹುಣ್ಣಿಮೆ ದಿನಗಳಲ್ಲಿ ಅಲ್ಲಿನವರೇ ತುಂಬಾ ಜನ ಚಾಯ್ ಊಟ ಮಾಡುತ್ತಾರೆ. ಮೀನಿನ ಸಾಸ್ ಬೇಡ ಅಂತ ಇನ್ನೊಮ್ಮೆ ಹೇಳಿಬಿಡಿ. ನಾನು ಟೋಫು ಹಾಕಿದ ‘ಕಾವ್ ಲಾವ್’ ದಿನಾ ತಿಂದೆ. ಆ ದಪ್ಪ ಶಾವಿಗೆ ಆ ಊರಿನದ್ದೇ.

ನಾನು: ಅಣ್ಣ, ನಿನ್ನ ಪಿಡಿಎಫ್‌ನಲ್ಲಿ ಮಿ ಸನ್ ಇಲ್ಲವೇ ಇಲ್ಲ. ಹೋಯ್ ಆನ್‌ನಿಂದ ಸುಮಾರು 40 ಕಿಲೋಮೀಟರ್. ಹಿಂದೆ ಆ ಕಡೆ ಆಳಿದ ಚಂಪಾ ರಾಜರ ಶಿವನ ಗುಡಿಗಳು, ಹೆಚ್ಚಿನವು ಇಟ್ಟಿಗೆಯವು. ನಮ್ಮ ಪುರಾತತ್ವ ಇಲಾಖೆಯವರು ಅಲ್ಲಿ ದುರಸ್ತಿ ಮಾಡುವಾಗ 2020ರಲ್ಲಿ ಮಣ್ಣಿನಡಿ ಒಂದು ಶಿವಲಿಂಗ ಸಿಕ್ಕಿತು, ಒಂದೇ ಕಲ್ಲಿನದು.

ಅಣ್ಣ: ಶಿವನ ಗುಡಿಯಾ? ಅದನ್ನು ಯಾಕೆ ಬಿಟ್ಟಿದ್ದಾರೆ ಇವರು?

ನಾನು: ಆರು ಗಂಟೆಯಲ್ಲಿ ಅದಕ್ಕೆ ಜಾಗ ಎಲ್ಲಿದೆ?

ಅತ್ತಿಗೆ: ರೀ, ಸೈಗಾನ್ ಬಿಡೋಣ.

ಅಣ್ಣ: ಹನೋಯ್ ಮಾತ್ರ ಬಿಡಲ್ಲ. ಸೈಗಾನ್ ತೆಗೆದು ಹೋಯ್ ಆನ್‌ನಲ್ಲಿ ಮೂರು ರಾತ್ರಿ ಕೊಡುತ್ತಾರಾ ಅಂತ ನಾಳೆ ಕೇಳುತ್ತೇನೆ.

ನಾನು: ನಾಲ್ಕು ಕೇಳು. ಹುಣ್ಣಿಮೆಯ ಹಿಂದಿನ ರಾತ್ರಿ ಅಲ್ಲೇ ಇರುವ ಹಾಗೆ ನೋಡಿಕೋ. ಅವತ್ತು ಹಳೇ ಪೇಟೆಯಲ್ಲಿ ಕರೆಂಟ್ ದೀಪ ಆರಿಸಿ ಲಾಟೀನು ಹಚ್ಚುತ್ತಾರೆ. ಪಂಚಾಂಗ ನೋಡಿ ತಾರೀಕು ಕಳಿಸಲಾ?